ಅರಿಶಿನದ ಎಳೆ ತಪ್ಪಿದ ಪೆಟ್ಟಿಗೆ

ಕೊನೆಯ ಮೊಳೆ ಕಿರ್ರೆಂದು ಕಿತ್ತು ಬಂತು. ಮುಚ್ಚಳ ಎದ್ದಿತು. ಹಬೀಬ್ ಒಳಗೆ ಕೈಹಾಕಿ ಹಳೇ ಪೇಪರಿನ ಮುದ್ದೆಗಳನ್ನು ಒಂದೊಂದಾಗಿ ತೆಗೆದು ಪಕ್ಕಕ್ಕಿಟ್ಟ. ಆಮೇಲೆ ಅವನ ಕೈ ಅಲ್ಲೇ ನಿಂತುಬಿಟ್ಟಿತು.

"ಎತ್ತಲಾ, ಒಳ್ಳೇ ಗಳಿಗೆ ಮೀರ್ತದೆ" ಎಂದರು ಬೋರಲಿಂಗಯ್ಯ.

"ಸಾವ್ಕಾರ್ರೇ..."

"ಏನ್ ಸಾವ್ಕಾರ್ರೇ? ಸರಿ ಅತ್ಲಾಗೆ."

ಹಬೀಬ್ ಸರಿದ. ಬೋರಲಿಂಗಯ್ಯ ಬಗ್ಗಿದರು. ಅವರ ಹಿಂದೆ ಆರತಿ ತಟ್ಟೆ ಹಿಡಿದಿದ್ದ ಹೆಂಡತಿ ವೆಂಕಟಲಕ್ಷ್ಮಮ್ಮ ಬಗ್ಗಿದರು. ನೋಡಲು ಬಂದಿದ್ದ ಬೀದಿಯ ಜನವೆಲ್ಲ ಬಗ್ಗಿತು.

ಪೆಟ್ಟಿಗೆಯೊಳಗೆ ಆಂಪ್ಲಿಫೈಯರ್ ಇರಲಿಲ್ಲ. ಗ್ರಾನೈಟ್ ಚೂರುಗಳಿದ್ದವು. ಒಂದು ಬದಿ ಕನ್ನಡಿಯಂತೆ ನುಣುಪು, ಇನ್ನೊಂದು ಬದಿ ಒರಟು. ಒಂದರ ಮೇಲೊಂದು ಅಚ್ಚುಕಟ್ಟಾಗಿ ಪೇರಿಸಿದ್ದವು. ಕಥೆಯ ರಾಕ್ಷಸ ರಾಜಕುಮಾರಿಯನ್ನು ಎತ್ತಿಕೊಂಡು ಹೋಗುವಾಗ ತೊಟ್ಟಿಲಲ್ಲಿ ಒನಕೆ ಮಲಗಿಸಿ ಹೋಗುತ್ತಾನಲ್ಲ, ಹಾಗೆ.

ತಟ್ಟೆಯ ಕರ್ಪೂರ ಉರಿದು ಆರಿತು. ಯಾರೂ ಗಮನಿಸಲಿಲ್ಲ.

ಆ ಪೆಟ್ಟಿಗೆಯ ಸಂಗತಿ ಮಾಗಡಿಯಲ್ಲಿ ಗೊತ್ತಿಲ್ಲದವರಿರಲಿಲ್ಲ. ಬೋರಲಿಂಗಯ್ಯ ಹಿಟ್ಟಿನ ಗಿರಣಿಯ ಮಾಲೀಕರು. ಹಗಲೆಲ್ಲ ರಾಗಿ ಬೀಸುವ ಗದ್ದಲ, ಸಂಜೆಯಾದರೆ ನಾಗಸ್ವರ. ನಡುಮನೆಯಲ್ಲಿ ದ್ವಾರಪಾಲಕರ ಹಾಗೆ ಆಳೆತ್ತರದ ಎರಡು ಸ್ಪೀಕರುಗಳು. ಅವಕ್ಕೆ ಹಳೇ ಆಂಪ್ಲಿಫೈಯರ್ ಸಾಲದು, ಗಾಡಿಗೆ ಕುರಿ ಕಟ್ಟಿದ ಹಾಗಾಯಿತು ಎಂದು ಅದನ್ನು ಕೊಟ್ಟು, ಬೆಂಗಳೂರಿನ ಅಂಗಡಿಯೊಂದರಿಂದ ವಿದೇಶದ ವಾಲ್ವ್ ಆಂಪ್ಲಿಫೈಯರ್ ತರಿಸಿದ್ದರು. ಗಾಜಿನ ವಾಲ್ವುಗಳು ಕಾದು ಕೆಂಡದಂತೆ ಹೊಳೆದರೆ ಸಾಕು, ನಾಗಸ್ವರದವನು ನಮ್ಮ ಚಾಪೆಯ ಮೇಲೇ ಕೂತು ಊದಿದ ಹಾಗಿರುತ್ತದೆ, ಇಡೀ ಬೀದಿ ತಲೆದೂಗುತ್ತದೆ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದರು. ಬಜಾರಿನ ರೇಡಿಯೋ ಮೆಕ್ಯಾನಿಕ್ ಹಬೀಬ್ ಅದನ್ನು ಜೋಪಾನವಾಗಿ ವ್ಯಾನಿನಲ್ಲಿ ತಂದ.

ತಂದಾಗ ಆಷಾಢ. ಆಷಾಢದಲ್ಲಿ ಹೊಸ ವಸ್ತು ಬಳಸಕೂಡದು ಎಂದು ವೆಂಕಟಲಕ್ಷ್ಮಮ್ಮ ಪಟ್ಟು ಹಿಡಿದರು. ಮರದ ಪೆಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿ, ರೇಷ್ಮೆ ಶಾಲು ಹೊದಿಸಿ, ಗೋಡೆಗೆ ಒತ್ತರಿಸಿ ಕೂರಿಸಿದರು. ಬೋರಲಿಂಗಯ್ಯ ದಿನವೂ ಅದರ ಸುತ್ತ ಬೆಕ್ಕಿನಂತೆ ಸುಳಿದಾಡಿದರು. ಮುಟ್ಟಲಿಲ್ಲ. ಇವತ್ತು ಶ್ರಾವಣದ ಮೊದಲ ಶುಕ್ರವಾರ.

"ದಾರೀಲೇ ಇಳಿಸ್ಕೊಂಡ್ಬುಟ್ಟವ್ನೆ!" ಬೋರಲಿಂಗಯ್ಯ ಹಬೀಬನ ಕೊರಳಪಟ್ಟಿ ಹಿಡಿದರು. "ಕಳ್ಳ ನನ್ಮಗನೆ! ಮನೆಯವನ ಹಂಗೆ ಒಳಕ್ಕೆ ಬುಟ್ಕೊಂಡ್ನಲ್ಲೋ!"

"ಕೈ ಬುಡಣ್ಣ, ಕೈ ಬುಡು." ಪಕ್ಕದ ಮನೆಯ ಚಿಕ್ಕಹನುಮಯ್ಯ ನಡುವೆ ನುಗ್ಗಿದ. "ಹೋದ್ದು ಹೋಯ್ತು. ಪೊಲೀಸು ಗಿಲೀಸು ಅಂತ ಯಾಕೆ?"

ಪೊಲೀಸ್ ಎಂಬ ಮಾತನ್ನು ಅಲ್ಲಿಯವರೆಗೆ ಯಾರೂ ಆಡಿರಲಿಲ್ಲ. ಈಗ ಎಲ್ಲರಿಗೂ ನೆನಪಾಯಿತು.

*

ಸಬ್ ಇನ್‌ಸ್ಪೆಕ್ಟರ್ ಗಂಗಲಕ್ಷ್ಮಮ್ಮ ಎಂಬ ಹೆಸರು ಕೇಳಿದವರು ವಯಸ್ಸಾದ ಹೆಂಗಸನ್ನು ನಿರೀಕ್ಷಿಸುತ್ತಿದ್ದರು. ಜೀಪಿನಿಂದ ಇಳಿಯುತ್ತಿದ್ದವಳು ಇನ್ನೂ ಹುಡುಗಿ. ಹೆಸರು ಅಜ್ಜಿಯದು. ತಿಪ್ಪಸಂದ್ರದ ಆ ಅಜ್ಜಿ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುತ್ತ, ಮೊಮ್ಮಗಳಿಗೆ ಏಳು ಸಮುದ್ರದಾಚೆಯ ಕಥೆ ಹೇಳುತ್ತ, ಇಬ್ಬರನ್ನೂ ಒಟ್ಟಿಗೆ ಸಾಕಿದ್ದಳು. ಹುಳುಗಳು ಗೂಡು ಕಟ್ಟಿದವು. ಮೊಮ್ಮಗಳು ಖಾಕಿ ತೊಟ್ಟಳು.

"ತಂದ ದಿನ ಪೆಟ್ಟಿಗೆ ಇಳಿಸಿದವರು ಯಾರು?"

"ನಾನು, ಹಬೀಬ, ಈ ಚಿಕ್ಕಹನುಮ" ಎಂದರು ಬೋರಲಿಂಗಯ್ಯ, ಇಡೀ ಬೀದಿಗೆ ಕೇಳುವಂತೆ. "ಸೊಂಟ ಹಿಡ್ಕೊಂಬುಡ್ತು. ಕಲ್ಲೇ ಹೊತ್ತಿದ್ದು ಅಂತ ಈಗ ಗೊತ್ತಾಯ್ತು!"

"ಆವತ್ತಿಂದ ಇವತ್ತಿನವರೆಗೆ ಹಬೀಬ್ ಈ ಮನೆಗೆ ಬಂದಿದ್ರಾ?"

"ಇಲ್ಲ. ಯಾಕೆ ಬತ್ತಾನೆ, ಕೆಲ್ಸ ಮುಗಿಸ್ಕೊಂಡ್ಮೇಲೆ?"

ಹಬೀಬ್ ಗೋಡೆಗೆ ಒರಗಿ ನಿಂತಿದ್ದ. ಅಂಗಿಯ ಮೇಲಿನ ಗುಂಡಿ ಕಿತ್ತುಹೋಗಿತ್ತು. "ಅಂಗಡಿಯವರು ಮೊಳೆ ಹೊಡೆದು ಕೊಟ್ಟಿದ್ದನ್ನ ಹಂಗೇ ತಂದೆ ಮೇಡಂ. ದಾರೀಲಿ ಟೀಗೆ ನಿಲ್ಲಿಸ್ದೆ. ಅಷ್ಟೇ. ನನ್ನ ಅಂಗಡಿ ಹುಡುಕಿ, ಮನೆ ಹುಡುಕಿ."

"ಇವನ ಭಾಮೈದ ಕನಕಪುರದ ಗ್ರಾನೈಟ್ ಫ್ಯಾಕ್ಟರೀಲಿ ಅವ್ನೆ! ಕಲ್ಲು ಎಲ್ಲಿಂದ ಬಂತು ಅಂತ ಇನ್ನೂ ಕೇಳ್ಬೇಕಾ?" ಎಂದರು ಬೋರಲಿಂಗಯ್ಯ.

ಹಬೀಬನ ಮುಖ ಇಳಿದುಹೋಯಿತು. "ಭಾಮೈದ ಇರೋದು ನಿಜ" ಎಂದ.

ಗಂಗಲಕ್ಷ್ಮಮ್ಮ ಮಂಡಿಯೂರಿ ಪೇಪರಿನ ಮುದ್ದೆಯೊಂದನ್ನು ಬಿಡಿಸಿದಳು. ಮಡಿಕೆಗಳಲ್ಲಿ ಒರಟಾದ ಕರಿ ಕಾಳುಗಳು ಅಂಟಿದ್ದವು.

"ಟೀ ಪುಡಿ ಮೇಡಂ" ಎಂದ ಕಾನ್‌ಸ್ಟೆಬಲ್ ದಾಸಪ್ಪ, ಕಣ್ಣರಳಿಸಿ. "ಇವ್ನು ಟೀಗೆ ನಿಲ್ಲಿಸಿದ್ದ ಅಂತಾನಲ್ಲ! ಸಿಕ್ಬಿದ್ದ!"

"ಟೀ ಅಂಗಡಿಯವನು ಪೆಟ್ಟಿಗೆ ಒಳಗೆ ಟೀ ಸೋಸಿದ್ನಾ ದಾಸಪ್ಪ?"

ಕಾಳುಗಳನ್ನು ಮೂಗಿನ ಹತ್ತಿರ ಹಿಡಿದಳು. ಹಳೆಯ, ಹಸಿರಾದ, ತಿಪ್ಪಸಂದ್ರದ ಮನೆಯ ವಾಸನೆ ಬಂತು. ಅವನ್ನು ಪೊಟ್ಟಣ ಕಟ್ಟಿದಳು. ಪೆಟ್ಟಿಗೆಯ ಮುಂದಿನ ಹಲಗೆಯ ಮೇಲೆ ಅಗಲವಾದ ಅರಿಶಿನದ ಎಳೆ ಇತ್ತು, ಅದರ ನಡುವೆ ಕುಂಕುಮ. ಎಳೆ ಹಲಗೆಯ ಮೇಲಂಚಿನವರೆಗೆ ಬಂದು ನಿಂತಿತ್ತು. ಅವಳು ಅದನ್ನು ನೋಡುತ್ತ ನಿಂತಾಗ ಫೋನು ಬಡಿದುಕೊಂಡಿತು. ಇನ್‌ಸ್ಪೆಕ್ಟರ್.

"ದೊಡ್ಡವರ ಕಡೆಯಿಂದ ಆಗಲೇ ಫೋನ್ ಬಂತಮ್ಮ. ಆ ಮೆಕ್ಯಾನಿಕ್‌ನ ಸಂಜೆಯೊಳಗೆ ಕೂರಿಸಿಬಿಡು. ಕಣ್ಣಿಗೆ ಕಾಣೋ ಕೇಸು."

"ಸಂಜೆಯವರೆಗೂ ಟೈಮ್ ಇದೆಯಲ್ಲ ಸಾರ್?"

"ಇದೆ. ಯಾಕೆ?"

"ಕಣ್ಣಿಗೆ ಕಾಣದ್ದು ಒಸಿ ಬಾಕಿ ಇದೆ."

*

ಹಬೀಬನ ಅಂಗಡಿಯನ್ನು ತಡಕಿದ್ದಾಯಿತು. ಬಿಚ್ಚಿದ ರೇಡಿಯೋಗಳು, ಟೀವಿಯ ಹೊಟ್ಟೆಗಳು, ಬೆಸುಗೆಯ ಹೊಗೆ. ಆಂಪ್ಲಿಫೈಯರಿನ ಒಂದು ತಿರುಪೂ ಸಿಗಲಿಲ್ಲ. ಆದರೆ ಜೀಪು ನಿಂತಿದ್ದನ್ನು ಬಜಾರೆಲ್ಲ ನೋಡಿತ್ತು. ಹೂ ಮಾರುವ ಮಾಯಮ್ಮ ಓಡಿಬಂದಳು.

"ನಮ್ಮ ಮಿಕ್ಸಿ ಕೊಡಪ್ಪ."

"ಇನ್ನೂ ಬಿಚ್ಚೇ ಇಲ್ಲ ಮಾಯಕ್ಕ."

"ಬಿಚ್ಚದಿದ್ರೆ ಒಳ್ಳೇದೇ ಆಯ್ತು." ಮಿಕ್ಸಿಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಯಾರ ಮುಖವನ್ನೂ ನೋಡದೆ ಹೋದಳು.

ಹಬೀಬ್ ಖಾಲಿ ಜಾಗವನ್ನು ಬಟ್ಟೆಯಿಂದ ಒರೆಸಿದ. "ನೀವು ಕೇಸು ಹಾಕ್ತೀರೋ ಬಿಡ್ತೀರೋ ಮೇಡಂ, ನನ್ನ ಕಥೆ ಇಷ್ಟೇ. ಜನ ನನ್ನ ಕೈಗೆ ಬೀಗದ ಕೈ ಕೊಟ್ಟು, ಹೋಗಿ ಟೀವಿ ನೋಡಪ್ಪ ಅಂತ ಹೊಲಕ್ಕೆ ಹೋಗೋರು. ನಮ್ಮಪ್ಪನ ಕಾಲದಿಂದ ಹಂಗೇ. ಕಳ್ಳ ಅಂತ ಒಂದ್ಸಲ ಹೆಸರು ಬಿದ್ರೆ ಯಾರು ಒಳಕ್ಕೆ ಬಿಟ್ಕೋತಾರೆ? ಈ ಕೆಲ್ಸ ಅಂಗಡೀಲಿ ಕೂತ್ರೆ ಆಗೋದಲ್ಲ."

"ಸಂಜೆಯೊಳಗೆ ಕದ್ದವರನ್ನ ಹಿಡೀತೀನಿ" ಎಂದಳು ಗಂಗಲಕ್ಷ್ಮಮ್ಮ. ಅದು ಅವನಿಗೆ ಹೇಳಿದ ಸಮಾಧಾನವಲ್ಲ. ತನಗೆ ತಾನೇ ಹಾಕಿಕೊಂಡ ಆಣೆ.

ಹೊರಗೆ ದಾಸಪ್ಪ ಫೋನು ಮುಗಿಸಿ ಬಂದ. ಕನಕಪುರ ಠಾಣೆಯವರು ವಿಚಾರಿಸಿದ್ದರು. ಹಬೀಬನ ಭಾಮೈದ ಹಿಂದಿನ ರಂಜಾನಿಗೇ ಫ್ಯಾಕ್ಟರಿ ಬಿಟ್ಟು ಮೈಸೂರು ಸೇರಿದ್ದ.

"ಆ ಕಲ್ಲಿನ ಚೂರು ಅವನೇ ಕೊಡ್ಬೇಕು ಅಂತೇನಿಲ್ಲ ಮೇಡಂ. ಫ್ಯಾಕ್ಟರಿಯೋರು ಟ್ರ್ಯಾಕ್ಟರ್ ಲೋಡು ಮಾರ್ತಾರೆ. ನಮ್ಮನೆ ಬಚ್ಚಲಲ್ಲೂ ಹಾಕ್ಸಿವ್ನಿ. ನನ್ನೂ ಅರೆಸ್ಟ್ ಮಾಡ್ಬುಡಿ, ಒಸಿ ನಿದ್ದೆನಾದ್ರೂ ಆಯ್ತದೆ."

"ಆಮೇಲೆ ಮಲಗೀರಂತೆ. ಜೀಪು ಗಿರಣಿ ಬೀದಿಗೆ ತಿರುಗಿಸಿ. ನನಗೆ ಮುಚ್ಚಳ ಬೇಕು."

*

ನಡುಮನೆಯಲ್ಲಿ ಈಗ ಜನವಿರಲಿಲ್ಲ. ಗಂಗಲಕ್ಷ್ಮಮ್ಮ ಮುಚ್ಚಳವನ್ನು ಎತ್ತಿ ನೋಡಿದಳು. ಅದರ ಒಂದು ಅಂಚಿನಲ್ಲೂ ಅರಿಶಿನ ಕುಂಕುಮ.

"ಅಮ್ಮಾ, ಇದನ್ನ ಹಚ್ಚಿದ್ದು ನೀವೇನಾ?"

"ನಾನೇ ಕಣವ್ವ. ಮುಚ್ಚಳದ ಮೇಲಿಂದ ಮುಂದಿನ ಹಲಗೆಗೆ ಒಂದೇ ಎಳೆ ಎಳೆದೆ. ಮಂಗಳಕಾರ್ಯದಲ್ಲಿ ಎಳೆ ತುಂಡು ಮಾಡ್ಬಾರ್ದು."

"ಹಬೀಬ್ ಹೋದ್ಮೇಲಾ?"

"ಅವನು ಟೀ ಕುಡಿದು ಹೋದ್ಮೇಲೆ ಮಿಂದು, ಆಮೇಲೆ ಹಚ್ಚಿದ್ದು."

ಗಂಗಲಕ್ಷ್ಮಮ್ಮ ಮೊಳೆಯ ತೂತುಗಳನ್ನು ಕೂಡಿಸಿ ಮುಚ್ಚಳವನ್ನು ಪೆಟ್ಟಿಗೆಯ ಮೇಲಿಟ್ಟಳು. ಇವತ್ತು ಬೆಳಿಗ್ಗೆ ಮೊಳೆಗಳು ಯಾವ ತೂತಿನಿಂದ ಬಂದಿದ್ದವೋ ಆ ತೂತುಗಳು ಕೂಡಿದವು. ಆದರೆ ಅರಿಶಿನ ಕೂಡಲಿಲ್ಲ. ಮುಂದಿನ ಹಲಗೆಯ ಎಳೆ ಮುಂದೆಯೇ ಉಳಿಯಿತು. ಮುಚ್ಚಳದ ಎಳೆ ಹಿಂದೆ, ಗೋಡೆಯ ಕಡೆಗೆ ಹೋಯಿತು.

ವೆಂಕಟಲಕ್ಷ್ಮಮ್ಮ ಬಾಯಿಗೆ ಸೆರಗು ಹಿಡಿದರು. "ಅಯ್ಯೋ! ಶಾಲು ಹೊದಿಸಿದ್ವಲ್ಲ, ಕಾಣ್ಲೇ ಇಲ್ಲ! ಇವತ್ತು ಶಾಲು ತೆಗೆದಾಗ್ಲೂ ಮೇಲೆಲ್ಲ ಹೂವಿನ ಹಾರ..."

"ಆಷಾಢದಲ್ಲಿ ಮನೆ ಬೀಗ ಹಾಕಿ ಎಲ್ಲಿಗಾದ್ರೂ ಹೋಗಿದ್ರಾ?"

"ರಾಮನಗರಕ್ಕೆ. ಮಗಳಿಗೆ ಹೊಸದಾಗಿ ಮದುವೆ ಆಗೈತೆ. ಆಷಾಢದಲ್ಲಿ ಅತ್ತೆ ಮನೇಲಿ ಇರಬಾರ್ದಲ್ಲ, ಕರ್ಕೊಂಡು ಬರೋಕೆ ಹೋಗಿ ಒಂದು ರಾತ್ರಿ ಉಳ್ಕೊಂಡ್ವಿ."

"ಬೀಗದ ಕೈ?"

"ಇನ್ಯಾರಿಗೆ ಕೊಡೋದು? ಚಿಕ್ಕಹನುಮನಿಗೆ. ದೇವರಿಗೆ ದೀಪ ಹಚ್ಬೇಕಲ್ಲ."

ಹೇಳಿದ ಮೇಲೆ ವೆಂಕಟಲಕ್ಷ್ಮಮ್ಮನ ಕೈ ಸೆರಗಿನಲ್ಲೇ ಉಳಿಯಿತು. "ಛೇ, ಇಲ್ಲ ಕಣವ್ವ. ನಮ್ಮ ಮಗಳ ಧಾರೆಗೆ ಸೋದರಮಾವನ ಜಾಗದಲ್ಲಿ ನಿಂತೋನು ಅವನು."

*

ಚಿಕ್ಕಹನುಮಯ್ಯ ರೇಷ್ಮೆ ಸಾಕುತ್ತಿದ್ದ ಹುಳುಮನೆ ಬೋರಲಿಂಗಯ್ಯನವರ ಗೋಡೆಗೆ ಆತುಕೊಂಡೇ ಇತ್ತು. ಹೆಂಚಿನ ಸೂರು, ಸೊಳ್ಳೆಪರದೆ ಬಡಿದ ಕಿಟಕಿ, ಬಾಗಿಲ ಮುಂದೆ ಸುಣ್ಣದ ಪುಡಿ. ಅವನು ಹಿಪ್ಪುನೇರಳೆ ಸೊಪ್ಪಿನ ದೊಡ್ಡ ಹೊರೆ ಹೊತ್ತು ಬರುತ್ತಿದ್ದ. ಹೊರೆಯ ಕೆಳಗೆ ಮನುಷ್ಯ ಕಾಣುತ್ತಿರಲಿಲ್ಲ, ಎರಡು ಕಾಲು ಮಾತ್ರ ನಡೆಯುತ್ತಿದ್ದವು. ಆ ಹೊರೆಯೊಳಗೆ ಆನೆಮರಿ ಇದ್ದರೂ ಯಾರೂ ಕೇಳುವುದಿಲ್ಲ ಎಂದುಕೊಂಡಳು ಗಂಗಲಕ್ಷ್ಮಮ್ಮ.

"ಬೆಳೆ ಹೆಂಗೈತೆ ಚಿಕ್ಕಹನುಮಣ್ಣ?"

"ಚಂದಾಗೈತೆ ತಾಯಿ." ಅವನು ಹೊರೆ ಇಳಿಸಿ ಬಾಗಿಲಿಗೆ ಅಡ್ಡ ನಿಂತ. "ನಾಲ್ಕನೇ ಜ್ವರ ಮುಗ್ಸಿ, ಪೊರೆ ಬುಟ್ಟು ಎದ್ದು ಮೇಯ್ತಾ ಅವೆ. ರಾಕ್ಷಸ ಹಸಿವು. ಹಾಕ್ದಷ್ಟೂ ಸಾಲ್ದು."

"ಒಳಗೆ ನೋಡ್ಬೋದಾ?"

"ಹೊರಗಿನವರ ಕಾಲು ಬಿದ್ರೆ ರೋಗ ಬತ್ತದೆ. ತಪ್ಪು ತಿಳೀಬ್ಯಾಡಿ."

"ನಮ್ಮಜ್ಜೀನೂ ಹಂಗೇ ಅನ್ನೋಳು. ಕಲೆಕ್ಟರ್ ಬಂದ್ರೂ ಬಿಡ್ತಿರಲಿಲ್ಲ."

ಅವನ ಮುಖ ಸಡಿಲವಾಯಿತು. ಗಂಗಲಕ್ಷ್ಮಮ್ಮ ನಗುತ್ತಲೇ ಹಿತ್ತಲಿಗೆ ನಡೆದಳು. ಕೈಕಾಲು ತೊಳೆಯುವ ಜಾಗಕ್ಕೆ ಗ್ರಾನೈಟ್ ಚೂರುಗಳನ್ನು ಹಾಸಿದ್ದರು. ನಡುವೆ ಅಲ್ಲಲ್ಲಿ ಚೂರು ಕಿತ್ತ ಚೌಕಗಳು, ಅವುಗಳಲ್ಲಿ ಮಳೆನೀರು ನಿಂತಿತ್ತು. ಆಚೆ ತಿಪ್ಪೆ. ತಿಪ್ಪೆಯ ಮೇಲೆ ಯಾರದೋ ಕುರಿಗಳು ತಲೆಯೆತ್ತದೆ ಮೇಯುತ್ತಿದ್ದವು.

"ಇವಕ್ಕೇನು ಹಬ್ಬ ಮೇಡಂ?" ಎಂದ ದಾಸಪ್ಪ.

ಅವಳು ಕುರಿಯ ಬಾಯಿಂದ ಒಂದು ಎಲೆ ಕಿತ್ತುಕೊಂಡಳು. ಬಾಡಿದ ಹಿಪ್ಪುನೇರಳೆ. ಇಡೀ ಎಲೆ. ಒಂದು ಕಚ್ಚಿನ ಗುರುತೂ ಇಲ್ಲ. ತಿಪ್ಪೆಯ ತುಂಬ ಅಂಥವೇ. ಹುಳು ತಿಂದ ಮನೆಯ ತಿಪ್ಪೆಗೆ ಬರಿಯ ದಂಟು ಬೀಳುತ್ತದೆ, ಹಿಕ್ಕೆ ಬೀಳುತ್ತದೆ. ಎಲೆ ಬೀಳುವುದಿಲ್ಲ.

ಅವಳು ಹುಳುಮನೆಯ ಗೋಡೆಗೆ ಕಿವಿಯಿಟ್ಟಳು. ಕಣ್ಣು ಮುಚ್ಚಿದಳು.

ನಾಲ್ಕನೇ ಜ್ವರದಿಂದ ಎದ್ದ ಹುಳುಗಳು ಮೇಯುವ ಸದ್ದನ್ನು ಕೇಳಿ ಬೆಳೆದವರು ಅದನ್ನು ಮರೆಯುವುದುಂಟೆ? ಹೆಂಚಿನ ಮೇಲೆ ಸೋನೆ ಹಿಡಿದ ಹಾಗೆ, ಸರ ಸರ ಸರ ಸರ. ಅಜ್ಜಿಯ ಕಥೆಯ ಹಿಂದೆ ಆ ಸದ್ದು ಸದಾ ಇರುತ್ತಿತ್ತು. ಅದು ನಿಂತಿತೆಂದರೆ ಅಜ್ಜಿ ರಾಜಕುಮಾರನನ್ನು ಅರ್ಧ ದಾರಿಯಲ್ಲೇ ಬಿಟ್ಟು ಸೊಪ್ಪು ಹಾಕಲು ಏಳುತ್ತಿದ್ದಳು.

ಈ ಗೋಡೆಯ ಹಿಂದೆ ಏನೂ ಇರಲಿಲ್ಲ. ಇರುವೆ ನಡೆದರೂ ಕೇಳುವಷ್ಟು ಮೌನ.

"ದಾಸಪ್ಪ, ಬೋರಲಿಂಗಯ್ಯನವರನ್ನೂ ಅಮ್ಮನನ್ನೂ ಕರ್ಕೊಂಡು ಬನ್ನಿ. ಚಿಕ್ಕಹನುಮಣ್ಣ, ಬಾಗಿಲು ತೆಗೀರಿ."

"ತಾಯಿ, ಹುಳು..."

"ಹುಳು ಇದ್ರೆ ನಾನೇ ನಿಮ್ಮ ಕಾಲಿಗೆ ಬೀಳ್ತೀನಿ. ತೆಗೀರಿ."

*

ಬಿದಿರಿನ ತಟ್ಟೆಗಳೆಲ್ಲ ತೊಳೆದು ಒಣಗಿದ್ದವು. ಗೂಡು ಕಟ್ಟಿಸುವ ಚಂದ್ರಿಕೆಗಳು ಗೋಡೆಗೆ ಒರಗಿ ನಿಂತಿದ್ದವು. ನಡುವಿನ ಸ್ಟ್ಯಾಂಡಿನ ಮೇಲೆ, ಹಳೇ ಹತ್ತಿ ಸೀರೆಯಲ್ಲಿ ಸುತ್ತಿದ ಗಂಟು. ದಾಸಪ್ಪ ಸೀರೆ ಸರಿಸಿದ. ಬೆಳ್ಳಿ ಬಣ್ಣದ ಲೋಹ, ಸಾಲುಗಟ್ಟಿದ ಗಾಜಿನ ವಾಲ್ವುಗಳು. ಒಂದೂ ಒಡೆದಿರಲಿಲ್ಲ.

ಬೋರಲಿಂಗಯ್ಯ ಒಮ್ಮೆ ಆಂಪ್ಲಿಫೈಯರನ್ನು ನೋಡಿದರು, ಒಮ್ಮೆ 'ತಮ್ಮ' ಎಂದು ಕರೆಯುತ್ತಿದ್ದವನನ್ನು ನೋಡಿದರು. "ನೀನೇನ್ಲಾ?"

ಚಿಕ್ಕಹನುಮಯ್ಯ ಒಂದು ಹೆಜ್ಜೆ ಹಿಂದೆ ಸರಿದ. ಗಂಗಲಕ್ಷ್ಮಮ್ಮ ಮಾತಾಡಿದಳು.

"ಹಬೀಬ್ ಹೋದ್ಮೇಲೆ ಅಮ್ಮ ಅರಿಶಿನ ಹಚ್ಚಿದ್ರು. ಹಚ್ಚಿದ ಮೇಲೆ ಮುಚ್ಚಳ ತಿರುಗಿದೆ. ಅಂದ್ರೆ ಪೆಟ್ಟಿಗೆ ಬಿಚ್ಚಿದ್ದು ನಿಮ್ಮ ಮನೆಯೊಳಗೇ. ಹಬೀಬ್ ಅಲ್ಲಿಗೆ ತಪ್ಪಿದ. ಕಲ್ಲಿಗೆ ಒತ್ತಾಗಿ ತುರುಕಿದ ಪೇಪರಲ್ಲಿ ರೇಷ್ಮೆ ಹುಳುವಿನ ಹಿಕ್ಕೆ ಇತ್ತು. ತಟ್ಟೆಗೆ ಹಾಸಿದ್ದ ಪೇಪರು. ಈ ಊರಲ್ಲಿ ಹುಳು ಸಾಕೋರು ಬೇಕಾದಷ್ಟು ಜನ. ಆದರೆ ನಿಮ್ಮ ಮನೆ ಬೀಗದ ಕೈ ಇದ್ದಿದ್ದು ಒಬ್ಬರ ಹತ್ರ. ಸೊಪ್ಪಿನ ಹೊರೆಯೊಳಗೆ ಹಾಡುಹಗಲೇ ಹೊತ್ಕೊಂಡು ಬಂದ್ರು. ಯಾರು ತಾನೆ ಕೇಳ್ತಾರೆ? ಆಮೇಲೆ ಯಾರೂ ಒಳಗೆ ಬರದ ಹಾಗೆ ಹುಳು ಇವೆ ಅಂತ ಸುದ್ದಿ ಹಬ್ಬಿಸಿದ್ರು. ದಿನಾ ಸೊಪ್ಪು ತಂದ್ರು, ದಿನಾ ತಿಪ್ಪೆಗೆ ಹಾಕಿದ್ರು."

ಅವನ ಕಡೆ ತಿರುಗಿದಳು. "ಹುಳು ಜ್ವರಕ್ಕೆ ಕೂತಿವೆ ಅಂದಿದ್ರೆ ನಾನು ವಾಪಸ್ ಹೋಗ್ತಿದ್ದೆ. ಪೊರೆ ಬಿಡೋ ಆ ಜ್ವರದಲ್ಲಿ ಅವು ಮೇಯಲ್ಲ. ಮೇಯ್ತಾ ಇವೆ ಅಂದ್ರಿ. ಅದಿರ್ಲಿ, ಮುಚ್ಚಳ ಯಾಕೆ ತಿರುಗಿಸಿದ್ರಿ? ಇದ್ದ ಹಾಗೇ ಮೊಳೆ ಹೊಡೆದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ."

"ಕುಂಕುಮ ಇತ್ತಲ್ಲವ್ವ." ಚಿಕ್ಕಹನುಮಯ್ಯ ನೆಲ ನೋಡುತ್ತ ಹೇಳಿದ. "ಹಳೇ ಮೊಳೆ ಕುಂಕುಮದ ಕೆಳಗೇ ಇತ್ತು. ಕೀಳೋದೇನೋ ಕಣ್ಮುಚ್ಕೊಂಡು ಕಿತ್ತೆ. ಮತ್ತೆ ಅದ್ರ ಮೇಲೆ ಸುತ್ತಿಗೆ ಎತ್ತಾಕೆ ಕೈ ಬರಲಿಲ್ಲ. ಕುಂಕುಮದ ಮೇಲೆ ಹೊಡೆದ್ರೆ ಆ ಮನೆ ಮುತ್ತೈದೆಗೆ ಕೇಡಲ್ವಾ? ಗೋಡೆ ಕಡೆಗೆ ತಿರುಗ್ಸಿಬುಟ್ಟೆ. ಆ ಕಡೆ ಮೊಳೆ ಹೊಡೀಲೇ ಇಲ್ಲ."

ವೆಂಕಟಲಕ್ಷ್ಮಮ್ಮ ಗೋಡೆ ಹಿಡಿದು ಕೂತರು.

"ಮಾರಾಕೆ ತರ್ಲಿಲ್ಲ ಅಕ್ಕ. ಹೋದ ಬೆಳೇಲಿ ಹುಳು ಜ್ವರಕ್ಕೆ ಕೂತಿದ್ವು. ನಾಗಸ್ವರ ಒಸಿ ಸಣ್ಣಗೆ ಹಾಕಣ್ಣ ಅಂತ ಕೈ ಮುಗಿದೆ. ನಕ್ಕ. ಇನ್ನೂ ಜೋರು ಮಾಡ್ದ. ಗೋಡೆ ಅದುರ್ತು, ತಟ್ಟೆ ಅದುರಿದ್ವು. ಒಂದು ಹುಳಾನೂ ಗೂಡು ಕಟ್ಟಲಿಲ್ಲ. ಬುಟ್ಟಿಗಟ್ಲೆ ಮಣ್ಣಿಗೆ ಹಾಕ್ದೆ. ಈಗ ಅದರಪ್ಪನಂಥದ್ದು ತಂದವ್ನೆ, ಇಡೀ ಬೀದಿ ತಲೆದೂಗ್ತದಂತೆ!"

"ಸುಳ್ಳು!" ಬೋರಲಿಂಗಯ್ಯ ಕೂಗಿದರು. "ನೀನು ಹೇಳ್ದಾಗ ಸಣ್ಣಗೆ ಮಾಡ್ದೆ ಕಣ್ಲಾ! ನಾನು ಹಾಕೋದೇ ಸಣ್ಣಗೆ!"

ದಾಸಪ್ಪ ಹೆಂಚು ನೋಡಿದ. ಕೊನೆಗೆ ವೆಂಕಟಲಕ್ಷ್ಮಮ್ಮ ಮೆಲ್ಲಗೆ ಎದ್ದು ಗಂಡನ ಕಿವಿಯ ಹತ್ತಿರ ಹೋದರು.

"ನಿಮ್ಮ ಕಿವಿಗೆ ಸಣ್ಣಗೆ. ಗಿರಣಿ ತಿಂದಿರೋ ಕಿವಿ. ಬೀದೀಲಿ ಎಲ್ಲರಿಗೂ ಗೊತ್ತು. ನಿಮಗೆ ಹೇಳೋ ಧೈರ್ಯ ಯಾರಿಗೂ ಆಗ್ಲಿಲ್ಲ. ನನಗೂ ಆಗ್ಲಿಲ್ಲ."

ಬೋರಲಿಂಗಯ್ಯ ಕಿವಿ ಮುಟ್ಟಿಕೊಂಡರು, ಅದು ಬೇರೆ ಯಾರದೋ ಎಂಬಂತೆ.

"ಹುಳು ಸದ್ದಿಗೆ ಹೋದ್ವೋ, ರೋಗಕ್ಕೆ ಹೋದ್ವೋ, ನಾನು ಹೇಳಲಾರೆ" ಎಂದಳು ಗಂಗಲಕ್ಷ್ಮಮ್ಮ. "ಆದರೆ ಹಬೀಬನ ಕೊರಳಪಟ್ಟಿ ಹಿಡಿದಾಗ ನೀವು ಪಕ್ಕದಲ್ಲೇ ಇದ್ರಿ ಚಿಕ್ಕಹನುಮಣ್ಣ."

"ಕೈ ಬುಡು ಅಂದೆ ತಾಯಿ."

"ಕದ್ದಿದ್ದು ನಾನು ಅಂತ ನೀವು ಅನ್ಲಿಲ್ಲ. ಕುಂಕುಮಕ್ಕೆ ಸುತ್ತಿಗೆ ತಾಗಬಾರದು ಅನ್ನೋ ಭಯ ಇತ್ತು. ಒಬ್ಬನ ಹೆಸರಿಗೆ ತಾಗಿದ್ದು ಕಾಣಲಿಲ್ಲ. ನಡೀರಿ ಠಾಣೆಗೆ."

"ಬುಟ್ಬುಡವ್ವ, ನಮ್ಮೊಳಗಿನ ಮಾತು..." ಎಂದರು ಬೋರಲಿಂಗಯ್ಯ.

"ರಾಜಿ ಆಗೋದಿದ್ರೆ ಕೋರ್ಟಿನಲ್ಲಿ ಆಗಿ. ನನಗೆ ಕೇಸು ಕೇಸೇ. ನಿಮಗೆ ಇನ್ನೊಂದು ಕೆಲಸ ಇದೆ. ಬೀದಿಯವರ ಮುಂದೆ ಒಬ್ಬನನ್ನ ಕಳ್ಳ ಅಂದ್ರಿ. ಬಜಾರಿನ ಮುಂದೆ ಅಲ್ಲ ಅನ್ಬೇಕು. ಈಗಲೇ."

*

ಹೊತ್ತು ಇಳಿಯುತ್ತಿತ್ತು. ಶುಕ್ರವಾರದ ಹೂವು, ಬಾಳೆಕಂದು ಕೊಳ್ಳುವವರಿಂದ ಬಜಾರು ಗಿಜಿಗುಡುತ್ತಿತ್ತು. ಬೋರಲಿಂಗಯ್ಯ ಹಬೀಬನ ಅಂಗಡಿಯ ಮುಂದೆ ನಿಂತರು. ಅಕ್ಕಪಕ್ಕ ಕಣ್ಣು ಹಾಯಿಸಿದರು. ಮುಂದಕ್ಕೆ ಬಾಗಿ, ಅವನೊಬ್ಬನಿಗೇ ಕೇಳಲೆಂದು ಗುಟ್ಟಾಗಿ ಹೇಳಿದರು.

"ತಪ್ಪಾಯ್ತು ಕಣಪ್ಪ ಹಬೀಬ. ಕದ್ದೋನು ನೀನಲ್ಲ. ಕಳ್ಳ ಅಂದ ನನ್ನ ನಾಲಿಗೆಗೆ ಹುಳ ಬೀಳ."

ಅವರ ಪಾಲಿಗೆ ಅದು ಗುಟ್ಟು. ಹೂವಿನ ಅಂಗಡಿ, ಹಣ್ಣಿನ ಗಾಡಿ, ಬಸ್ಸಿಗೆ ಕಾದವರು, ಎಲ್ಲರೂ ತಿರುಗಿ ನೋಡಿದರು. ಜೀಪಿನಲ್ಲಿ ಗಂಗಲಕ್ಷ್ಮಮ್ಮನ ಪಕ್ಕ ಕೂತಿದ್ದ ದಾಸಪ್ಪ "ಇದಕ್ಕಿಂತ ದೊಡ್ಡ ಆಂಪ್ಲಿಫೈಯರ್ ಎಲ್ಲಿ ಸಿಕ್ಕಾತು ಮೇಡಂ" ಎಂದು ಗೊಣಗಿದ.

ಹಬೀಬ್ ಬೆಸುಗೆಯ ಕಡ್ಡಿಯನ್ನು ಕೆಳಗಿಟ್ಟ.

"ಕೇಳಿಸ್ತು ಸಾವ್ಕಾರ್ರೇ."

"ಬಂದು ಜೋಡಿಸ್ಕೊಡ್ತೀಯಾ? ಎಷ್ಟು ಸಣ್ಣಗೆ ಇಡ್ಬೇಕು ಅಂತ ನೀನೇ ಗುರುತು ಹಾಕ್ಕೊಡು. ಅಷ್ಟಕ್ಕೇ ಇಡ್ತೀನಿ."

"ಜೋಡಿಸ್ತೀನಿ. ನನ್ನ ಕೆಲ್ಸ ಅದು." ಹಬೀಬ್ ಅವರನ್ನು ನೇರವಾಗಿ ನೋಡಿದ. ದನಿ ಎತ್ತಿ, ಒಂದೊಂದೇ ಮಾತನ್ನು ಬಿಡಿಸಿ, ಅವರ ಕಿವಿಗೆ ಮುಟ್ಟುವಂತೆ ಹೇಳಿದ. "ಆದ್ರೆ ನಾಳೆ ಅಲ್ಲ. ನಿಮ್ಮ ಹೊಸಿಲು ದಾಟಾಕೆ ನನಗೆ ಒಸಿ ದಿನ ಬೇಕು."

"ಎಷ್ಟು ದಿನ?"

"ನನಗೂ ಗೊತ್ತಿಲ್ಲ."

ಬೋರಲಿಂಗಯ್ಯ ತಲೆಯಾಡಿಸಿದರು. ಹೊರಟುಹೋಗುತ್ತಾರೆ ಎಂದುಕೊಂಡರು ಎಲ್ಲರೂ. ಅವರು ಹೋಗಲಿಲ್ಲ. ಗಿರಾಕಿಗಳು ಕಾಯುವ ಬೆಂಚಿನ ತುದಿಯಲ್ಲಿ, ಇಡೀ ಬಜಾರಿಗೆ ಕಾಣುವಂತೆ, ಪಂಚೆ ಸರಿಮಾಡಿಕೊಂಡು ಕೂತರು.